ಎಲ್ಲರೂ ಕಾಲು ಮೇಲಿಟ್ಟುಕೊಳ್ಳಿ

ನನ್ನ ಕಾಲು ಸುಮ್ಮನಿರುವ ಜಾತಿಯದ್ದಲ್ಲ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿ ಕೂತೆನೆಂದರೆ ಬಲಗಾಲಿನ ಹಿಮ್ಮಡಿ ತಾನಾಗಿಯೇ ನೆಲಕ್ಕೆ ಬಡಿಯಲು ಶುರುಮಾಡುತ್ತದೆ. ಪಕ್ಕದ ಹೆಂಗಸು ಒಂದು ಸ್ಟೇಷನ್ ತಡೆದುಕೊಳ್ಳುತ್ತಾಳೆ, ಎರಡನೆಯದಕ್ಕೆ ನನ್ನ ಮೊಣಕಾಲನ್ನು ದುರುಗುಟ್ಟಿ ನೋಡುತ್ತಾಳೆ, ಮೂರನೆಯದಕ್ಕೆ ಬಾಯಿಬಿಟ್ಟೇ ಹೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ಗಂಡ ಇದೇನೋ ನರದ ದೋಷವೆಂದು ಹೆದರಿ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ನರದ ದೋಷವೂ ಇಲ್ಲ, ಮಣ್ಣೂ ಇಲ್ಲ. ಮೊನ್ನೆ ಕಾಂದಿವಲಿಯ ಒಂದು ಮನೆಗೆ ನಮ್ಮ ಸೇವಾ ಕ್ಲಬ್ಬಿನ ಪರವಾಗಿ ಹೋಗಿದ್ದೆವು, ನಾನು ಮತ್ತು ಹೊಸದಾಗಿ ಸೇರಿದ ಒಬ್ಬ ಕಾಲೇಜು ಹುಡುಗಿ. ಮೂರು ವರ್ಷದ ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಅನುಮಾನ. ಹುಡುಗಿ ಮೊಬೈಲಿನಲ್ಲಿ ಏನೋ ಶಬ್ದ ಹಚ್ಚಲು ಹೊರಟಳು. ನಾನು ಅವಳ ಕೈಹಿಡಿದು ನಿಲ್ಲಿಸಿ, ಮನೆಯವರಿಗೆಲ್ಲ ಮೊದಲು ಕಾಲು ಮೇಲಿಟ್ಟುಕೊಳ್ಳಿ ಎಂದೆ. ಅಜ್ಜ, ಅಜ್ಜಿ, ತಾಯಿ ಎಲ್ಲ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇವಳಿಗೆ ತಲೆ ನೆಟ್ಟಗಿದೆಯೇ ಎಂಬಂತೆ ನನ್ನನ್ನು ನೋಡಿದರು. ಹುಡುಗಿ ಹೊರಗೆ ಬಂದ ಮೇಲೆ ಕೇಳಿದಳು.

"ಆಂಟಿ, ಅದು ಟೈಲ್ಸ್ ಫ್ಲೋರ್ ಅಲ್ವಾ? ಕಾಲು ಯಾಕೆ ಮೇಲೆ?"

ಆಮೇಲೆ ಹೇಳುತ್ತೇನೆ ಅಂದೆ. ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು.

ನಾವು ಇದ್ದದ್ದು ಬೈಕುಲ್ಲಾದಲ್ಲಿ, ತರಕಾರಿ ಮಾರ್ಕೆಟ್ಟಿನ ಹಿಂದಿನ ಒಂದು ಹಳೆಯ ಚಾಳಿನ ಎರಡನೇ ಮಾಳಿಗೆಯಲ್ಲಿ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ, ಮುಂದೆ ಎಲ್ಲರಿಗೂ ಸೇರಿದ ಉದ್ದ ಜಗಲಿ. ನೆಲ ಪೂರ್ತಿ ಮರದ ಹಲಗೆ. ಕಿಟಕಿಯಿಂದ ಬಾಗಿಲವರೆಗೆ ಉದ್ದಕ್ಕೆ ಹಾಸಿದ ಅಗಲ ಹಲಗೆಗಳು, ನಡುನಡುವೆ ಒಂದು ಬೆರಳು ತೂರುವಷ್ಟು ಬಿರುಕು. ನಾವು ಅಕ್ಕಿ ಆರಿಸಿದರೆ ನುಚ್ಚು ಕೆಳಗಿನ ಮಾಳಿಗೆಯ ಮರಾಠಿ ಹೆಂಗಸು ಕಾಕೂ ಮನೆಗೆ ಬೀಳುತ್ತಿತ್ತು, ಕಾಕೂ ಬೊಂಬಿಲ್ ಮೀನು ಹುರಿದರೆ ವಾಸನೆ ನಮ್ಮ ಮನೆಗೆ ಬರುತ್ತಿತ್ತು. ಅಪ್ಪ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು, ಎರಡು ಚೊಂಬು ನೀರು ಮೈಮೇಲೆ ಹೊಯ್ದುಕೊಂಡು ಮಂಚದ ಮೇಲೆ ಬಿದ್ದರೆ ಐದರವರೆಗೆ ಏಳುತ್ತಿರಲಿಲ್ಲ. ಆ ಎರಡು ಗಂಟೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದು. ಮಾತಾಡದೆ ಕೆಲಸ ನಡೆಸುವುದು ನಮಗೆ ಹೊಸತಲ್ಲ, ಏಕೆಂದರೆ ಮನೆಯಲ್ಲಿ ನನ್ನ ತಮ್ಮ ದಿನೇಶನಿದ್ದ.

ಅವನನ್ನು ನಾವು ಕರೆಯುತ್ತಿದ್ದದ್ದು ನಿಜವಾಗಿ ಬಾಯಿಯಿಂದಲ್ಲ, ಕಾಲಿನಿಂದ. ಹೀಗೆ ಮಾಡೋಣ ಎಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಅದು ಹೇಗೋ ಬಂದುಬಿಟ್ಟಿತ್ತು. ಅಮ್ಮನದು ಒಂದೇ ಏಟು, ಭಾರವಾದದ್ದು, ಊಟಕ್ಕೆ ಬಾ ಎನ್ನುವುದು. ನನ್ನದು ಎರಡು, ಹಿಮ್ಮಡಿಯಿಂದ, ಬೇಗಬೇಗನೆ. ಹಲಗೆ ನಡುಗಿದ್ದೇ ತಡ ಅವನು ತಿರುಗುತ್ತಿದ್ದ. ತಿರುಗಿದ ಮೇಲೆ ಕೈ, ಕಣ್ಣು, ತುಟಿ, ಎಲ್ಲ ಸೇರಿಸಿ ಹೇಳಿದರೆ ಆಯಿತು. ಆರು ವರ್ಷಕ್ಕೆ ಅವನ ಬಾಯಲ್ಲಿದ್ದ ಮಾತು ಅಮ್ಮ, ಬಾ, ಬೇಡ, ಇಷ್ಟೇ. ಉಳಿದದ್ದೆಲ್ಲ ಅವನದೇ ಒಂದು ಗೊಣಗು. ಅದು ನನಗೊಬ್ಬಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಅವನಿಗೆ ಹೊಟ್ಟೆ ನೋಯುತ್ತಿದೆಯಂತೆ, ಅವನಿಗೆ ಚಟ್ನಿ ಬೇಡವಂತೆ ಎಂದು ನಾನು ಹೇಳಬೇಕು, ಅಮ್ಮ ಕೇಳಬೇಕು. ಹನ್ನೊಂದು ವರ್ಷದ ನನಗೆ ಅದರ ಗತ್ತು ಎಷ್ಟಿತ್ತೆಂದರೆ, ಅಮ್ಮ ತಾನಾಗಿ ಅವನ ಮಾತು ಊಹಿಸಿದರೆ ನನಗೆ ಸಿಟ್ಟು ಬರುತ್ತಿತ್ತು. ಅವನು ನನ್ನವನು, ಅಷ್ಟೇ. ಮುನ್ಸಿಪಾಲಿಟಿ ಶಾಲೆಯ ಒಂದನೇ ಕ್ಲಾಸಿನಲ್ಲಿ ಅವನನ್ನು ಕೊನೆಯ ಬೆಂಚಿಗೆ ಹಾಕಿ ಮಂದ ಎಂದು ಬಿಟ್ಟಿದ್ದರು. ಅಮ್ಮ ಅದನ್ನು ಒಪ್ಪಲಿಲ್ಲ. ನಾನು ಕರೆದರೆ ಬರುತ್ತಾನೆ, ಕಿವಿಗೇನೂ ಆಗಿಲ್ಲ, ಮಾತು ತಡವಾಗಿ ಬರುವ ಮಕ್ಕಳಿರುತ್ತವೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ ಅವಳು. ಬಾಯಲ್ಲಿ ದಿನೂ ಎನ್ನುತ್ತಲೇ ಕಾಲು ಬಡಿಯುತ್ತಿದ್ದಳು, ತನ್ನ ಕಾಲು ಬಡಿಯುವುದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕೆಳಗಿನ ಕಾಕೂಗೆ. ನೆತ್ತಿಯ ಮೇಲೆ ಧೂಳು ಉದುರಿದಾಗಲೆಲ್ಲ ಪೊರಕೆಯ ಹಿಡಿಯಿಂದ ಛಾವಣಿಗೆ ಕುಟ್ಟಿ, ಎರಡು ಕೆಟ್ಟ ಮಾತು ಬೈದು, ಮತ್ತೆ ಚಪಾತಿ ಲಟ್ಟಿಸಲು ಕೂರುತ್ತಿದ್ದಳು.

ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಒಂದು ಸೇವಾ ಕ್ಲಬ್ಬಿನವರು ನೋಟ್‌ಬುಕ್ಕು ಕೊಡಲು ಬರುತ್ತಿದ್ದರು. ಕನ್ನಡದವರೇ ಸೇರಿ ಮಾಡಿಕೊಂಡದ್ದು. ಕ್ಲಬ್ ಅಂದರೆ ಇಸ್ಪೀಟು ಆಡುವ ಜಾಗ ಎಂದೇ ಅಪ್ಪ ಬಹಳ ದಿನ ನಂಬಿದ್ದರು. ಆ ವರ್ಷ ಪುಸ್ತಕ ಹಂಚಿದವರು ಸುಮತಿ ಟೀಚರ್, ಗೋರೆಗಾಂವಿನವರು. ಮೈಸೂರು ಕಡೆಯ ಮಾತು, ಬ್ಯಾಂಕಿನಲ್ಲಿದ್ದ ಗಂಡ, ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೂ ಟೀಚರ್ ಎಂಬ ಹೆಸರು ಬಿಡಲಿಲ್ಲ. ದಿನೇಶನ ಹೆಸರನ್ನು ಅವರು ಮೂರು ಸಲ ಕರೆದರಂತೆ. ನಾಲ್ಕನೆಯ ಸಲ ಕರೆಯದೆ, ಪುಸ್ತಕ ಕೆಳಗಿಟ್ಟು, ಕೊನೆಯ ಬೆಂಚಿಗೆ ಹೋಗಿ ಅವನ ಎದುರು ಮಂಡಿಯೂರಿ ಕೂತರಂತೆ. ಮರುದಿನ ಶಾಲೆಯಿಂದ ಚೀಟಿ ಬಂತು. ಭಾನುವಾರ ಕ್ಲಬ್ಬಿನವರು ಮನೆಗೆ ಬರುತ್ತಾರೆ, ಹುಡುಗನ ಕಿವಿ ನೋಡುತ್ತಾರೆ, ಬೇಕೆನಿಸಿದರೆ ಕಿವಿಯ ಡಾಕ್ಟರಿಗೆ ತೋರಿಸಿ ಮಶೀನು ಕೊಡಿಸುತ್ತಾರೆ.

ಅಪ್ಪ ಅವತ್ತು ಊಟಕ್ಕೆ ಕೂತಾಗ ಒಂದು ಮಾತು ಹೇಳಿದರು. ಅವರ ಹೋಟೆಲಿನ ಒಬ್ಬ ಸಪ್ಲಾಯರ್‌ನ ಮಗನಿಗೂ ಕಿವಿ ಕೇಳಿಸುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಬೇರೆ ಊರಿನ ಹಾಸ್ಟೆಲಿರುವ ಶಾಲೆಗೆ ಸೇರಿಸಿದರು, ಈಗ ಚೌತಿಗೆ ಒಂದು ಸಲ ಬಂದು ಹೋಗುತ್ತಾನೆ, ಚೆನ್ನಾಗಿದ್ದಾನಂತೆ. ಅಪ್ಪ ಒಳ್ಳೆಯ ಸುದ್ದಿಯೆಂದೇ ಹೇಳಿದ್ದು. ದಿನೇಶ ನನ್ನ ಪಕ್ಕದಲ್ಲಿ ಕೂತು ಸಾರಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ತೆಗೆದು ನನ್ನ ಬಟ್ಟಲಿಗೆ ಹಾಕುತ್ತಿದ್ದ. ಚೌತಿಗೆ ಒಂದು ಸಲ. ಅಲ್ಲಿ ಇವನ ಗೊಣಗು ಯಾರಿಗೆ ತಿಳಿಯುತ್ತದೆ, ಹೊಟ್ಟೆ ನೋವು ಬಂದರೆ ಯಾರು ಹೇಳುತ್ತಾರೆ? ಆ ಇಡೀ ವಾರ ನಾನು ನಿಂತಲ್ಲಿ ನಿಲ್ಲಲಿಲ್ಲ. ನೀರು ತರಲು ಹೋದವಳು ಕೊಡ ಅಲ್ಲೇ ಬಿಟ್ಟು ಬಂದೆ. ಕಾಲಿಗೆ ಇರುವೆ ಬಿಟ್ಟುಕೊಂಡಿದ್ದೀಯಾ ಎಂದು ಅಮ್ಮ ಗದರಿಸಿದಳು.

ಭಾನುವಾರ ಇಬ್ಬರು ಬಂದರು. ಸುಮತಿ ಟೀಚರ್ ಮತ್ತು ಗೋರೆಗಾಂವಿನಲ್ಲೇ ಸ್ವಂತ ಹೋಟೆಲು ನಡೆಸುತ್ತಿದ್ದ ಒಬ್ಬ ಶೆಟ್ರು. ಅಮ್ಮ ಬೆಳಗ್ಗೆಯೇ ಎದ್ದು ಅಕ್ಕಿ ರುಬ್ಬಿ ನೀರುದೋಸೆ ಮಾಡಿ, ಕಾಯಿಬೆಲ್ಲ ಕಲಸಿಟ್ಟಿದ್ದಳು. ಅವರು ಮುಟ್ಟಲಿಲ್ಲ. ಹೋದ ಮನೆಯಲ್ಲಿ ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂಬುದು ಕ್ಲಬ್ಬಿನ ಕಟ್ಟಳೆ. ಬಡವರು ತಮಗೋಸ್ಕರ ಖರ್ಚಿಗೆ ಬೀಳಬಾರದು ಎಂಬ ಒಳ್ಳೆಯ ಮನಸ್ಸೇ ಅದರ ಹಿಂದಿದ್ದದ್ದು, ಈಗ ನನಗೂ ಗೊತ್ತು. ಆದರೆ ಶೆಟ್ರು ಚೀಲದಿಂದ ತಮ್ಮದೇ ನೀರಿನ ಬಾಟಲಿ ತೆಗೆದಾಗ ಅಮ್ಮನ ಮುಖ ಕಪ್ಪಿಟ್ಟಿತು. ನನ್ನ ಮನೆಯ ನೀರು ಕುಡಿಯದವರಿಗೆ ನನ್ನ ಮಗನಲ್ಲಿ ಕುಂದು ಹುಡುಕುವ ಕೆಲಸವೇನು ಎಂಬುದು ಅವಳ ಮುಖದಲ್ಲೇ ಬರೆದಿತ್ತು. ದಿನೇಶ ಕಿಟಕಿಯ ಹತ್ತಿರ ನೆಲದ ಮೇಲೆ ಕೂತು, ಅಪ್ಪ ಹೋಟೆಲಿನಿಂದ ತಂದುಕೊಟ್ಟ ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನಮ್ಮ ಕಡೆಗೆ ಅವನ ಬೆನ್ನು. ಶೆಟ್ರು ಒಂದು ಸ್ಟೀಲ್ ತಟ್ಟೆ, ಒಂದು ಚಮಚ ಇಸಕೊಂಡು ಅವನ ಹಿಂದೆ ನಿಂತರು. ನಾನು ಬಾಗಿಲ ಬಳಿ ನಿಂತಿದ್ದೆ. ಅವನು ಕೂತ ಹಲಗೆಯ ಈ ತುದಿ ನನ್ನ ಕಾಲ ಕೆಳಗಿತ್ತು.

ತಟ್ಟೆ ಠಣ್ ಎಂದಿತು, ನನ್ನ ಹಿಮ್ಮಡಿ ಹಲಗೆಗೆ ಬಿತ್ತು, ದಿನೇಶ ತಿರುಗಿದ. ಮೊದಲನೆಯದನ್ನು ಅಭ್ಯಾಸಬಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಬಹುದು. ಶೆಟ್ರು ಸ್ವಲ್ಪ ತಡೆದು ಮತ್ತೆ ಹೊಡೆದರು, ನಾನೂ ಬಡಿದೆ. ಮೂರನೆಯ ಸಲ ಚಪ್ಪಾಳೆ ತಟ್ಟಿದರು, ಅದಕ್ಕೂ ಬಡಿದೆ. ಆ ಎರಡು ಬೇಕೆಂತಲೇ ಮಾಡಿದ್ದು. ಜಗಲಿಯಲ್ಲಿ ಮಕ್ಕಳು ದಡದಡ ಓಡಾಡುವ ಚಾಳಿನಲ್ಲಿ ನನ್ನದೊಂದು ಹಿಮ್ಮಡಿ ಯಾರ ಲೆಕ್ಕಕ್ಕೆ? ಮೂರು ಸಲವೂ ಅವನು ತಿರುಗಿದ, ಮೂರು ಸಲವೂ ತಟ್ಟೆಯನ್ನು ಬಿಟ್ಟು ನನ್ನನ್ನು ನೋಡಿದ. ಶೆಟ್ರು ನಿಜವಾಗಿ ಸಂತೋಷಪಟ್ಟರು.

"ನಿಮ್ಮ ಹುಡುಗನಿಗೆ ಏನೂ ಆಗ್ಲಿಲ್ಲ ಅಮ್ಮ. ಕಿವಿ ಚಂದ ಉಂಟು. ಸ್ವಲ್ಪ ಹಠ ಅಷ್ಟೇ, ಗಮನ ಇಟ್ಟು ಕೂತುಕೊಳ್ಲಿಕ್ಕೆ ಕಲಿಸಿ."

ಟೀಚರ್ ಮಾತ್ರ, ಬೇಕಾದರೆ ಬನ್ನಿ ಎಂದು ತಮ್ಮ ಮನೆಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ಅಮ್ಮ ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಗೆದ್ದವಳಂತೆ ಪಾಯಸಕ್ಕಿಟ್ಟಳು. ಕಾಕೂಗೂ ಒಂದು ಲೋಟ ಹೋಯಿತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಕೆಡುಕು ಶುರುವಾದದ್ದು ಆಮೇಲೆ. ಕಿವಿ ಚೆನ್ನಾಗಿದೆಯೆಂದು ದೊಡ್ಡವರೇ ಹೇಳಿಹೋದ ಮೇಲೆ ಇವನು ಓಗೊಡದಿದ್ದರೆ ಅದು ಹಠವಲ್ಲದೆ ಇನ್ನೇನು? ಅಲ್ಲಿಯವರೆಗೆ ಅಪ್ಪ ದಿನೇಶನ ಮೈಮುಟ್ಟಿದವರಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಕಲ್ಲಿನ ಮೆಟ್ಟಿಲ ಬಳಿ ನಿಂತು, ಕೈಯಲ್ಲಿ ಎರಡು ಚೀಲ ಹಿಡಿದುಕೊಂಡು, ಬಾಗಿಲು ತೆಗೆ ಎಂದು ಅವನನ್ನು ಕರೆದರು. ಅವನು ಒಳಗೆ ಮುಚ್ಚಳ ಜೋಡಿಸುತ್ತಿದ್ದ. ಐದಾರು ಸಲ ಕರೆದರು. ನಾನು ನಲ್ಲಿಯ ಹತ್ತಿರದಿಂದ ಓಡಿ ಬರುವಷ್ಟರಲ್ಲಿ ಅಪ್ಪ ಚೀಲ ಎಸೆದು, ಬಾಗಿಲು ನೂಕಿ ಒಳಗೆ ಹೋಗಿ, ಹಿಂದಿನಿಂದ ಅವನ ಕೆನ್ನೆಗೆ ಬಾರಿಸಿದ್ದರು. ಬೇಕಂತಲೇ ಕೇಳಿಸದ ಹಾಗೆ ನಟಿಸ್ತೀಯಾ ಎಂದು ಮತ್ತೊಂದು. ಏಟು ಎಲ್ಲಿಂದ ಬಂತು, ಯಾಕೆ ಬಂತು ಎಂಬುದೇ ತಿಳಿಯದೆ ದಿನೇಶ ಅಪ್ಪನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದ. ಏನಾಯಿತು ಎಂದು ಯಾವಾಗಲೂ ಹೇಳುವವಳು ನಾನಲ್ಲವೇ, ಅದಕ್ಕೆ. ಏನು ಹೇಳಲಿ ನಾನು? ಆ ಏಟು ನನ್ನದು. ಅಪ್ಪನ ಕೈ ಬರೀ ನೆಪ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯ ಬರುತ್ತದೆ.

ಮರುದಿನ ಬೆಳಗ್ಗೆ ದೇವರ ಪಟದ ಹಿಂದಿನ ಚೀಟಿ ತೆಗೆದುಕೊಂಡು, ಗೆಳತಿಯ ಮನೆಗೆ ಎಂದು ಸುಳ್ಳು ಹೇಳಿ ಹೊರಟೆ. ಬೈಕುಲ್ಲಾದಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಬೇರೆ ಲೈನು, ಅಲ್ಲಿಂದ ಗೋರೆಗಾಂವ್. ಒಬ್ಬಳೇ ಅಷ್ಟು ದೂರ ಎಂದೂ ಹೋಗಿರಲಿಲ್ಲ. ಟಿಕೆಟು ತೆಗೆಯುವ ಧೈರ್ಯವೂ ಇರಲಿಲ್ಲ, ಕೈಯಲ್ಲಿ ಚಿಲ್ಲರೆಯೂ ಇರಲಿಲ್ಲ. ದಾದರಿನಲ್ಲಿ ಹೆಂಗಸರ ಡಬ್ಬಿಗೆ ನುಗ್ಗಿ, ಕಂಬ ಹಿಡಿದು ನಿಂತು, ಪ್ರತಿ ಸ್ಟೇಷನ್ನಿಗೂ ಇದು ಗೋರೆಗಾಂವಾ, ಇದು ಗೋರೆಗಾಂವಾ ಎಂದು ಕೇಳಿ ಕೇಳಿ ಮೀನು ಮಾರುವ ಒಬ್ಬ ಹೆಂಗಸಿನ ತಲೆ ತಿಂದೆ. ಕಡೆಗೆ ಅವಳೇ ನನ್ನ ರಟ್ಟೆ ಹಿಡಿದು ಇಳಿಸಿದಳು. ಕಾಲನಿಯ ಬಿಲ್ಡಿಂಗುಗಳೆಲ್ಲ ಒಂದೇ ಥರ. ಮೂರು ಬಾಗಿಲು ತಪ್ಪು ತಟ್ಟಿ, ನಾಲ್ಕನೆಯದಕ್ಕೆ ಟೀಚರ್ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲು ತೆಗೆದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಮರೆತುಹೋಯಿತು. ಬಾಯಿ ಬರದೆ, ಹೀಗೆ ಮಾಡಿದೆ ಎಂದು ತೋರಿಸಲು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಬಡಿದೆ. ಅವರದು ಮೊಸಾಯಿಕ್ ನೆಲ. ಕಾಲು ನೊಂದಿತೇ ಹೊರತು ಏನೂ ಅಲುಗಲಿಲ್ಲ, ಅವರಿಗೆ ಏನೂ ಅರ್ಥವಾಗಲಿಲ್ಲ. ಆಗ ಅಳು ಬಂತು, ಅಳುವಿನ ಜೊತೆಗೇ ಮಾತೂ ಬಂತು. ಹಲಗೆ, ಹಿಮ್ಮಡಿ, ಹಾಸ್ಟೆಲು, ಅಪ್ಪನ ಏಟು, ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

"ಅವತ್ತು ಮಗು ತಟ್ಟೆ ಕಡೆ ನೋಡ್ಲಿಲ್ಲ ಕಣೆ, ನಿನ್ನ ಕಡೆ ನೋಡ್ತು. ವಾರದಿಂದ ನನಗೂ ಅದೇ ಯೋಚನೆ. ಅದ್ಸರಿ, ಅವನನ್ನ ಕಳಿಸಿಬಿಡ್ತೀವಿ ಅಂತ ನಿಂಗೆ ಯಾರು ಹೇಳಿದ್ರು? ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ನಾವೇ ಬರ್ತೀವಿ."

ಆಮೇಲೆ ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು ಕೇಳಿದರು. ನಾನು ತಲೆತಗ್ಗಿಸಿದ್ದು ನೋಡಿ, ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ನಾವು ಚಾಳು ಹತ್ತುವಾಗ ಮೂರು ಗಂಟೆ. ಅಮ್ಮ ಜಗಲಿಯಲ್ಲಿ ನಿಂತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಅಪ್ಪ ನನ್ನನ್ನು ಹುಡುಕಲು ಹೊರಟವರು ಮೆಟ್ಟಿಲ ಮೇಲೆ ಎದುರಾದರು. ನನಗೆ ಬೀಳಬೇಕಾದ ಏಟು ಟೀಚರ್ ನಡುವೆ ಇದ್ದುದರಿಂದ ತಪ್ಪಿತು. ಅವರು ಯಾರಿಗೂ ಏನೂ ವಿವರಿಸಲಿಲ್ಲ. ಜಗಲಿಯಲ್ಲಿ ಓಡುತ್ತಿದ್ದ ಮಕ್ಕಳನ್ನು ಮೊದಲು ಕೂರಿಸಿದರು. ನನ್ನನ್ನು, ಅಪ್ಪನನ್ನು, ಅಮ್ಮನನ್ನು ಮಂಚಕ್ಕೆ ಹತ್ತಿಸಿದರು. ಅದೇ ಹೊತ್ತಿಗೆ, ಇಷ್ಟು ಗಲಾಟೆ ಯಾಕೆ ಎಂದು ಜಗಳಕ್ಕೆ ಮೇಲೆ ಬಂದ ಕಾಕೂವನ್ನೂ ಬಿಡದೆ ಮಂಚಕ್ಕೆ ಹತ್ತಿಸಿ ತಾವೂ ಸ್ಟೂಲಿನ ಮೇಲೆ ಕಾಲು ಮಡಚಿ ಕೂತರು.

"ಎಲ್ಲರೂ ಕಾಲು ಮೇಲಿಟ್ಟುಕೊಳ್ಳಿ. ಒಂದು ಬೆರಳೂ ನೆಲಕ್ಕೆ ತಾಗಬಾರದು. ಅಮ್ಮ, ಈ ತಟ್ಟೆ ತಗೊಳ್ಳಿ. ನೀವೇ ಹೊಡೀರಿ."

ಸಣ್ಣ ಮಂಚದ ಮೇಲೆ ನಾವು ನಾಲ್ಕು ಜನ ಒಬ್ಬರ ಮೈಮೇಲೆ ಒಬ್ಬರು ಎಂಬಂತೆ ಕೂತಿದ್ದೆವು. ಕಾಕೂ ನಗುತ್ತಿದ್ದಳು. ಇದು ಯಾವ ಆಟ ಎಂದು ಅಪ್ಪನ ಮುಖದಲ್ಲೂ ನಗುವಿತ್ತು. ಎರಡು ಮಾರು ದೂರದಲ್ಲಿ ದಿನೇಶ ಬೆನ್ನು ಹಾಕಿ ಕೂತು ಮುಚ್ಚಳ ಜೋಡಿಸುತ್ತಿದ್ದ. ಅಮ್ಮ ಮೆಲ್ಲನೆ ಹೊಡೆದಳು. ಅವನು ತಿರುಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೊಡೆದಳು. ಆಮೇಲೆ ಕಿವಿ ಗಡಚಿಕ್ಕುವಂತೆ ಹೊಡೆದಳು, ಜಗಲಿಯಿಂದ ಪಕ್ಕದ ಮನೆಯವರು ಇಣುಕಿದರು. ದಿನೇಶ ಒಂದು ಹಸಿರು ಮುಚ್ಚಳವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಸಾಲಿನ ಕೊನೆಗೆ ಇಟ್ಟ. ಅಮ್ಮ ತಟ್ಟೆ ಮಡಿಲಿಗಿಟ್ಟು ಬಾಯಲ್ಲಿ ಕರೆದಳು. ದಿನೂ. ಮಗಾ ದಿನೂ. ಇಲ್ಲಿ ನೋಡು ಮಗಾ. ಅವಳ ಧ್ವನಿ ಏರುತ್ತ ಹೋಗಿ ನಡುವೆ ಎಲ್ಲೋ ಒಡೆಯಿತು. ಅವನು ಮತ್ತೊಂದು ಮುಚ್ಚಳ ಹುಡುಕುತ್ತಿದ್ದ. ಆಗ ಮಂಚದ ಮೇಲೆ ಯಾರೂ ನಗುತ್ತಿರಲಿಲ್ಲ. ಅಮ್ಮ ನಿಧಾನವಾಗಿ ಒಂದು ಕಾಲು ಕೆಳಗೆ ಬಿಟ್ಟಳು, ಬಿಟ್ಟು ತನ್ನ ಕಾಲನ್ನೇ ಒಂದು ಕ್ಷಣ ನೋಡಿದಳು. ಬಡಿದಳು, ಒಂದೇ ಏಟು. ದಿನೇಶ ತಟ್ಟನೆ ತಿರುಗಿ, ಅಮ್ಮನನ್ನು ನೋಡಿ ನಕ್ಕು, ಊಟಕ್ಕೆಂದು ಎದ್ದು ಬಂದ.

ಅಮ್ಮ ಅವನನ್ನು ಬಾಚಿ ತಬ್ಬಿಕೊಂಡು, ಆರು ವರ್ಷ ಇವನನ್ನು ನಾನು ಕರೆದೇ ಇಲ್ಲ ಎಂದು ಅತ್ತಳು. ಅಪ್ಪ ಹೊರಗೆ ಹೋಗಿ ಜಗಲಿಯ ಕಂಬಿ ಹಿಡಿದು ಮಾರ್ಕೆಟ್ಟಿನ ಕಡೆ ಮುಖ ಮಾಡಿ ನಿಂತರು. ತಾವು ಹೊಡೆದ ಕೈಯನ್ನು ಅವರು ಷರಟಿಗೆ ಒರೆಸುತ್ತಲೇ ಇದ್ದರು. ಟೀಚರ್ ತಾವೇ ಅಡುಗೆಯ ಮೂಲೆಗೆ ಹೋದರು. ಒಂದು ಲೋಟ ನೀರು ತಂದು ಅಮ್ಮನಿಗೆ ಕುಡಿಸಿ, ಆಮೇಲೆ ನನಗೊಂದು ಲೋಟ ಚಹಾ ಮಾಡಿಕೊಡಿ ಎಂದು ಕೇಳಿ ಕುಡಿದರು. ಕ್ಲಬ್ಬಿನ ಕಟ್ಟಳೆ ಅವತ್ತು ನಮ್ಮ ಮನೆಯಲ್ಲಿ ಮುರಿಯಿತು. ನಾನು ಮಾಡಿದ್ದನ್ನು ಅಪ್ಪ ಅಮ್ಮನಿಗೆ ಹೇಳಿದ್ದು ನಾನೇ, ಟೀಚರ್ ಹೋದ ಮೇಲೆ. ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದಿನದನ್ನೆಲ್ಲ ಕ್ಲಬ್ಬಿನವರೇ ನಡೆಸಿದರು. ಶೆಟ್ರು ಬಂದು, ನನ್ನಿಂದ ತಪ್ಪಾಯ್ತು ಎಂದು ಅಮ್ಮನೆದುರು ಕೈಮುಗಿದರು. ನಾನು ಬಾಗಿಲ ಹಿಂದೆ ಅಡಗಿದ್ದೆ. ಅವರದೇ ಹೋಟೆಲಿನ ವ್ಯಾನಿನಲ್ಲಿ ಡಾಕ್ಟರ ಹತ್ತಿರ ನಾಲ್ಕು ಸಲ ಕರೆದೊಯ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಶೀನು ಬಂತು, ಅದರಿಂದ ಕಿವಿಗೆ ಒಂದು ವೈರು. ಅಮ್ಮ ಅವನ ಬನಿಯನ್ನುಗಳಿಗೆಲ್ಲ ಜೇಬು ಹೊಲಿದಳು. ಮಶೀನು ಹಾಕಿದ ತಕ್ಷಣ ಮಾತು ಬಂದುಬಿಡುತ್ತದೆ ಎಂದುಕೊಂಡಿದ್ದೆವು. ಎಲ್ಲಿಯ ಮಾತು? ಬೈಕುಲ್ಲಾದ ಗದ್ದಲ ಒಮ್ಮೆಲೇ ಕಿವಿಗೆ ನುಗ್ಗಿ ಅವನು ಕಿರುಚಿ ಕಿತ್ತೆಸೆದ. ಪ್ರತಿ ಗುರುವಾರ ಟೀಚರ್ ಎರಡು ಲೋಕಲ್ ಬದಲಿಸಿ ಬರುತ್ತಿದ್ದರು. ಮಾತಿನ ನಡುಕ ಬೆರಳಿಗೆ ತಿಳಿಯಲೆಂದು ಊದಿದ ಬಲೂನನ್ನು ಅವನ ಕೈಗೆ ಕೊಟ್ಟು, ಅದಕ್ಕೆ ಬಾಯಿ ಹಚ್ಚಿ ಅಮ್ಮ, ಅಕ್ಕ ಎನ್ನುತ್ತಿದ್ದರು. ಕನ್ನಡಿಯ ಮುಂದೆ ಅವನ ಗಲ್ಲ ಹಿಡಿದು ಕೂರುತ್ತಿದ್ದರು. ಅಮ್ಮನಿಗೂ ಅದನ್ನೆಲ್ಲ ಕಲಿಸಿದರು, ಅಪ್ಪನಿಗೂ ಕಲಿಸಿದರು. ನನಗೆ ಮಾತ್ರ ಒಂದು ಕೆಲಸವನ್ನೂ ಕೊಡಲಿಲ್ಲ. ಅವನ ಮಾತನ್ನು ನೀನು ಹೇಳಬೇಡ, ಅವನೇ ಹೇಳಲಿ, ಎಷ್ಟು ಹೊತ್ತಾದರೂ ಕಾಯಿ ಎಂದರು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಅವನು ನೀರು ಎನ್ನಲು ಒದ್ದಾಡುತ್ತಿದ್ದರೆ ನಾನು ತುಟಿ ಕಚ್ಚಿಕೊಂಡು ಕೂತಿರುತ್ತಿದ್ದೆ. ಬಾಯಿ ಕಟ್ಟಿದಷ್ಟೂ ಕಾಲು ಬಡಿಯುತ್ತಿತ್ತು.

ಹೀಗೇ ಒಂದು ಸಂಜೆ. ನಾನು ಪರೀಕ್ಷೆಗೆ ಓದುತ್ತ ಬಾಗಿಲ ಬಳಿ ಕೂತಿದ್ದೆ, ಹಿಮ್ಮಡಿ ತನ್ನ ಪಾಡಿಗೆ ಹಲಗೆ ಕುಟ್ಟುತ್ತಿತ್ತು. ದಿನೇಶ ಈಗ ಒಗ್ಗಿಹೋಗಿದ್ದ ಮಶೀನನ್ನು ಕಿವಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಬೆನ್ನು ಹಾಕಿ ಕೂತು ಮಗ್ಗಿ ಬರೆಯುತ್ತಿದ್ದ. ಅವನು ತಿರುಗಿದ. ಎದ್ದು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ನನ್ನ ಮೊಣಕಾಲ ಮೇಲಿಟ್ಟು ಗಟ್ಟಿಯಾಗಿ ಒತ್ತಿದ. ಏನೋ ಹೇಳಬೇಕು ಅವನಿಗೆ. ನನಗೆ ಆಗಲೇ ತಿಳಿದಿತ್ತು, ಆದರೂ ಕಾದೆ. ತುಟಿ ಎರಡು ಸಲ ಕೂಡಿಸಿ ಬಿಟ್ಟ.

"ಅಕ್ಕ. ಸಾಕು. ಸದ್ದು."

ಕೆಳಗಿನ ಕಾಕೂ ಪೊರಕೆ ಹಿಡಿದು ವರ್ಷಗಟ್ಟಲೆ ಹೇಳಿದ್ದು ಅದನ್ನೇ. ಅವಳ ಮಾತಿಗಾಗಲಿ, ಅಮ್ಮನ ಗದರಿಕೆಗಾಗಲಿ, ಆಮೇಲೆ ಗಂಡನಿಗಾಗಲಿ, ಲೋಕಲ್‌ನಲ್ಲಿ ಪಕ್ಕದಲ್ಲಿ ಕೂತವರಿಗಾಗಲಿ ನನ್ನ ಕಾಲು ಬಗ್ಗಿದ್ದಿಲ್ಲ. ಯಾರೋ ಹೇಳಿದರೆಂದು ಅದು ನಿಂತದ್ದು ಅದೊಂದೇ ಸಲ.